ಮುತ್ತಿಗೆಯ ನಗರದಲ್ಲಿ ಕುಂಡದ ತೋಟ

ಸರಾಯೆವೊ ಎಂಬ ಊರಿನ ಹೆಸರಿನೊಳಗೆ ಒಂದು 'ಸರಾಯ್' ಇದೆ. ಉರ್ದು ಓದಿದವರಿಗೆ ಸರಾಯ್ ಎಂದರೆ ದಾರಿಹೋಕರು ತಂಗುವ ಛತ್ರ. ತುರ್ಕಿಯವರಿಗೆ ಅದು ಅರಮನೆ. ಬೋಸ್ನಿಯಾದ ಭಾಷೆ ನಮಗೆ ಬಾರದಿದ್ದರೂ ಅಲ್ಲಿನ ಮನೆಮಾತಿನ ಕೆಲವು ಪದಗಳು ಕಿವಿಗೆ ಬಿದ್ದರೆ ನಾವು ತಿರುಗಿ ನೋಡುತ್ತೇವೆ. ಅವರ 'ಮಹಲಾ' ನಮ್ಮ ಮೊಹಲ್ಲಾ. ಅವರ 'ಬಾಷ್ಚಾ' ಪಾರಸಿಯ ಬಾಗ್‌ಚಾದಿಂದ ಬಂದದ್ದು, ಅಂದರೆ ನಮ್ಮ ಬಗೀಚೆ. ನಾಲ್ಕು ಶತಮಾನಗಳ ಉಸ್ಮಾನಿ ಆಳ್ವಿಕೆ ಹೋದ ಮೇಲೂ ಪದಗಳು ಅಲ್ಲೇ ಉಳಿದವು. ಹಳೆಯ ಮಹಲಾಗಳ ಮನೆಗಳಲ್ಲಿ ಸುತ್ತ ಗೋಡೆ ಕಟ್ಟಿದ ಅಂಗಳ, ಅಂಗಳದ ಮೂಲೆಯಲ್ಲಿ ಬಾಷ್ಚಾ, ಕಿಟಕಿಯ ಕಟ್ಟೆಯ ಮೇಲೆ 'ಸಾಕ್ಸಿಯಾ' ಎಂದು ಕರೆಯುವ ಕುಂಡದಲ್ಲಿ ಹೂಗಿಡ. ಎರಡನೇ ಮಹಾಯುದ್ಧದ ನಂತರ ಬಂದ ಯುಗೊಸ್ಲಾವಿಯದ ಸಮಾಜವಾದಿ ಸರಕಾರ ಊರಿನ ಪಶ್ಚಿಮಕ್ಕೆ ಹತ್ತಾರು ಅಂತಸ್ತಿನ ವಸತಿ ಕಟ್ಟಡಗಳನ್ನು ಸಾಲುಸಾಲಾಗಿ ಎಬ್ಬಿಸಿತು. ಅಲ್ಲಿಗೆ ಹೋದವರಿಗೆ ಬಾಷ್ಚಾ ಉಳಿಯಲಿಲ್ಲ. ಬಾಲ್ಕನಿಯೂ ಸಾಕ್ಸಿಯಾವೂ ಉಳಿದವು.

ಆ ಕುಂಡಗಳಲ್ಲಿ ಹೂವಿನ ಬದಲು ಈರುಳ್ಳಿ, ಟೊಮೆಟೊ, ಪಾರ್ಸ್ಲಿ ಸೊಪ್ಪು ಕಾಣಿಸಿಕೊಂಡದ್ದು 1992ರ ನಂತರ. ನಮ್ಮ ನಗರಗಳಲ್ಲಿ ಈಗ ತಾರಸಿ ತೋಟದ ಬಗ್ಗೆ ಬಹಳ ಉತ್ಸಾಹವಿದೆ. ವಿಷವಿಲ್ಲದ ತರಕಾರಿ, ಮನಸ್ಸಿಗೆ ನೆಮ್ಮದಿ, ನಿವೃತ್ತರಿಗೆ ಒಳ್ಳೆಯ ಹವ್ಯಾಸ ಎಂದೆಲ್ಲ ಹೇಳುತ್ತಾರೆ. ತಪ್ಪೇನಿಲ್ಲ. ಆದರೆ ಕುಂಡದ ತರಕಾರಿಗೆ ಇನ್ನೊಂದು ಚರಿತ್ರೆಯೂ ಇದೆ. ಅದು ಹಸಿವಿನ ಚರಿತ್ರೆ. ಅದನ್ನು ಬರೆಯಲು ಕುಳಿತರೆ ತೋಟದ ವಿಷಯಕ್ಕಿಂತ ಮೊದಲು ಫಿರಂಗಿಯ ವಿಷಯ ಬರೆಯಬೇಕಾಗುತ್ತದೆ.

ಸರಾಯೆವೊ ಮಿಲ್ಯಾಟ್ಸ್ಕಾ ಎಂಬ ಸಣ್ಣ ನದಿಯ ಕಣಿವೆಯಲ್ಲಿರುವ ಊರು. ಸುತ್ತ ಬೆಟ್ಟಗಳು. 1984ರಲ್ಲಿ ಚಳಿಗಾಲದ ಒಲಿಂಪಿಕ್ ನಡೆದಾಗ ಜಗತ್ತು ಆ ಬೆಟ್ಟಗಳ ಹಿಮವನ್ನು ಕೊಂಡಾಡಿತು. ಎಂಟು ವರ್ಷಗಳ ನಂತರ ಅದೇ ಬೆಟ್ಟಗಳ ಮೇಲೆ ಬೋಸ್ನಿಯಾದ ಸೆರ್ಬ್ ಸೇನೆಯ ಫಿರಂಗಿಗಳು ಕುಳಿತವು. 1992ರ ಏಪ್ರಿಲ್ 5ರಿಂದ 1996ರ ಫೆಬ್ರವರಿ 29ರವರೆಗೆ, 1,425 ದಿನ, ನಗರ ಮುತ್ತಿಗೆಯಲ್ಲಿತ್ತು. ಒಳಗೆ ಸಿಕ್ಕಿಬಿದ್ದವರು ಮೂರೂವರೆ ಲಕ್ಷಕ್ಕೂ ಹೆಚ್ಚು ಜನ. ಅವರಲ್ಲಿ ಬಹುಪಾಲು ಬೋಸ್ನಿಯಾಕ್ ಮುಸ್ಲಿಮರು ನಿಜ. ಆದರೆ ಸಾವಿರಾರು ಸೆರ್ಬರೂ ಕ್ರೊವಾಟರೂ ಯಹೂದಿಯರೂ ಅದೇ ಕಟ್ಟಡಗಳಲ್ಲಿ, ಅದೇ ನೆಲಮಾಳಿಗೆಗಳಲ್ಲಿ ಇದ್ದರು. ಯಹೂದಿಯರ 'ಲಾ ಬೆನೆವೊಲೆನ್ಸಿಯಾ' ಎಂಬ ಸಂಸ್ಥೆ ಮುತ್ತಿಗೆಯುದ್ದಕ್ಕೂ ಎಲ್ಲ ಧರ್ಮದವರಿಗೂ ಔಷಧಿ ಮತ್ತು ಬಿಸಿಯೂಟ ಹಂಚಿತು. ಬೆಟ್ಟದ ಮೇಲಿಂದ ಬೀಳುವ ಶೆಲ್ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ.

ವಿದ್ಯುತ್ತು ಹೋಯಿತು, ಗ್ಯಾಸು ಹೋಯಿತು, ನಲ್ಲಿ ನಿಂತಿತು. ಹೊರಗಿನಿಂದ ಬರುತ್ತಿದ್ದುದು ವಿಶ್ವಸಂಸ್ಥೆಯ ವಿಮಾನಗಳ ನೆರವು. 1992ರ ಜುಲೈಯಿಂದ 1996ರ ಜನವರಿಯವರೆಗೆ ಸುಮಾರು 1 ಲಕ್ಷ 60 ಸಾವಿರ ಟನ್ ಸಾಮಾನು ಇಳಿಯಿತು. ಬರ್ಲಿನ್‌ಗೆ 1948ರಲ್ಲಿ ನಡೆದ ವಿಮಾನ ಸರಬರಾಜಿಗಿಂತಲೂ ಇದು ಹೆಚ್ಚು ಕಾಲ ನಡೆಯಿತು. ಹಿಟ್ಟು, ಅಕ್ಕಿ, ಒಣ ಹುರುಳಿ, ಎಣ್ಣೆ, ಹಾಲಿನ ಪುಡಿ, ಡಬ್ಬಿ ಮಾಂಸ. ವಿಯೆಟ್ನಾಂ ಯುದ್ಧಕಾಲದ ಹಳೆಯ ಬಿಸ್ಕತ್ತು ಬಂದದ್ದನ್ನು ಅಲ್ಲಿಯ ಜನ ಇಂದಿಗೂ ನಗುತ್ತ ಹೇಳಿಕೊಳ್ಳುತ್ತಾರೆ. 'ಇಕಾರ್' ಎಂಬ ಡಬ್ಬಿ ಮಾಂಸದ ರುಚಿ ಎಷ್ಟು ಕೆಟ್ಟದಾಗಿತ್ತೆಂದರೆ, 2007ರಲ್ಲಿ ಊರಿನಲ್ಲಿ ಆ ಡಬ್ಬಿಗೇ ಒಂದು ಸ್ಮಾರಕ ನಿಂತಿತು. ಅದನ್ನು ವ್ಯಂಗ್ಯವೆನ್ನಬೇಕೋ ಕೃತಜ್ಞತೆಯೆನ್ನಬೇಕೋ, ಎರಡೂ ಇರಬಹುದು.

ಈ ಪಟ್ಟಿಯಲ್ಲಿ ಇಲ್ಲದ್ದನ್ನು ಗಮನಿಸಿ. ಹಸಿರು ಎಂಬುದೇ ಇಲ್ಲ. ಹಿಟ್ಟನ್ನು ವಿಮಾನದಲ್ಲಿ ತರಬಹುದು, ಸೊಪ್ಪನ್ನು ತರಲಾಗದು. ತಿಂಗಳುಗಟ್ಟಲೆ ಒಣ ಕಾಳು, ಅಕ್ಕಿ ತಿಂದ ದೇಹಕ್ಕೆ ಏನಾಗುತ್ತದೆಂದು ವೈದ್ಯರನ್ನು ಕೇಳಬೇಕಾಗಿಲ್ಲ. ಒಸಡಿನಲ್ಲಿ ರಕ್ತ, ಮಾಯದ ಗಾಯ, ತೀರದ ಸುಸ್ತು. ಜನ ಮೊದಲು ಕಾಡುಸೊಪ್ಪಿಗೆ ಕೈಹಾಕಿದರು. ಮುಟ್ಟಿದರೆ ತುರಿಸುವ ನೆಟಲ್ ಗಿಡದ ಎಳೆ ಎಲೆ, ಹುಲ್ಲಿನ ನಡುವೆ ತಾನೇ ಬೆಳೆಯುವ ಹಳದಿ ಹೂವಿನ ದಂಡೇಲಿಯನ್ ಸೊಪ್ಪು ಪಾತ್ರೆಗೆ ಬಿದ್ದವು. ಆಮೇಲೆ ನೆರವು ಸಂಸ್ಥೆಗಳ ಬೀಜದ ಪೊಟ್ಟಣಗಳು ಬಂದವು. 1993ರ ವಸಂತದ ಹೊತ್ತಿಗೆ ಕಟ್ಟಡಗಳ ನಡುವಿನ ಹುಲ್ಲುಹಾಸು, ಆಟದ ಅಂಗಳ, ರಸ್ತೆ ಬದಿಯ ಮಣ್ಣು ಎಲ್ಲವೂ ತರಕಾರಿ ಮಡಿಯಾದವು. ನೆಲವಿಲ್ಲದವರು ಬಾಲ್ಕನಿಯಲ್ಲೇ ಮಣ್ಣು ತುಂಬಿದರು. ಬಕೆಟ್ಟು, ಟಬ್ಬು, ಮರದ ಪೆಟ್ಟಿಗೆ, ಡಬ್ಬಿ, ಒಟ್ಟಿನಲ್ಲಿ ಮಣ್ಣು ನಿಲ್ಲುವ ಯಾವುದಾದರೂ ಆದೀತು.

ಮಣ್ಣಿಗೆ ಇನ್ನೂ ಒಬ್ಬ ಹಕ್ಕುದಾರನಿದ್ದ. ಸತ್ತವರನ್ನು ಹೂಳಲು ಜಾಗ ಸಾಲದೆ ಉದ್ಯಾನಗಳು ಖಬರಸ್ತಾನಗಳಾದವು. ಒಲಿಂಪಿಕ್‌ಗಾಗಿ ಕಟ್ಟಿದ ಜೆತ್ರಾ ಕ್ರೀಡಾಂಗಣದ ಪಕ್ಕದ ಮೈದಾನದಲ್ಲಿ ಸಾಲುಸಾಲು ಗೋರಿಗಳು ಎದ್ದವು. ಉದ್ಯಾನಗಳ ಮರಗಳು ಅಷ್ಟರಲ್ಲಿ ಒಲೆಗೆ ಹೋಗಿದ್ದವು. ಮರ ಮುಗಿದ ಮೇಲೆ ಕುರ್ಚಿ, ಮೇಜು, ನೆಲಕ್ಕೆ ಹಾಸಿದ ಹಲಗೆ, ಕೊನೆಗೆ ಪುಸ್ತಕ. ಹೀಗೆ ಒಂದೇ ಊರಿನ ಬಯಲು ಮಣ್ಣನ್ನು ಕೋಸೂ ಗೋರಿಯೂ ಹಂಚಿಕೊಂಡವು.

ಕುಂಡದಲ್ಲಿ ಬೆಳೆಯುವುದು ಹೇಗೆಂದು ಈಗ ಯಾರೂ ಹೇಳಿಯಾರು. ಪುದೀನಾ, ಪಾರ್ಸ್ಲಿಯಂಥ ಸೊಪ್ಪಿಗೆ ಒಂದು ಗೇಣು ಆಳದ ಮಣ್ಣು ಸಾಕು. ಟೊಮೆಟೊಗೆ ಒಂದು ಅಡಿಯಾದರೂ ಬೇಕು. ತಳದಲ್ಲಿ ತೂತಿರಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಕುಂಡದ ದೊಡ್ಡ ದೋಷವೆಂದರೆ ಅದಕ್ಕೆ ನೆಲದ ತೇವದ ಆಸರೆಯಿಲ್ಲ. ಬಯಲಿನ ಗಿಡ ಬೇರನ್ನು ಕೆಳಗಿಳಿಸಿ ನೀರು ಹುಡುಕೀತು. ಕುಂಡದ ಗಿಡಕ್ಕೆ ನೀವೇ ಕೊಡಬೇಕು. ಬೇಸಗೆಯಲ್ಲಿ ಕಾಯಿ ಹೊತ್ತ ಒಂದು ಟೊಮೆಟೊ ಗಿಡ ದಿನಕ್ಕೆ ಒಂದೆರಡು ಲೀಟರ್ ನೀರು ಕುಡಿಯುತ್ತದೆ. ಹತ್ತು ಗಿಡವಿದ್ದರೆ ಒಂದು ಬಿಂದಿಗೆ.

ಸರಾಯೆವೊದಲ್ಲಿ ಒಂದು ಬಿಂದಿಗೆ ನೀರಿಗೆ ಏನು ಬೆಲೆಯಿತ್ತು? ಊರಿನ ಬಿಯರ್ ಕಾರ್ಖಾನೆಯ ಒರತೆಯ ಮುಂದೆ, ಬೀದಿಯ ಪಂಪುಗಳ ಮುಂದೆ ಗಂಟೆಗಟ್ಟಲೆ ಸಾಲು. ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಕೈಗಾಡಿಯಲ್ಲೋ ಹಿಮದ ಮೇಲೆ ಜಾರುವ ಮಕ್ಕಳ ಆಟದ ಬಂಡಿಯಲ್ಲೋ ಎಳೆದು ತಂದು, ಲಿಫ್ಟ್ ನಿಂತುಹೋದ ಕಟ್ಟಡದ ಮೆಟ್ಟಿಲು ಹತ್ತಬೇಕು. ದಾರಿಯಲ್ಲಿ ಅಡಗಿ ಗುಂಡು ಹಾರಿಸುವವರ ಕಣ್ಣು. ವಿಮಾನ ನಿಲ್ದಾಣದ ಹತ್ತಿರದ ದೊಬ್ರಿನ್ಯಾ ಎಂಬ ಬಡಾವಣೆಯಲ್ಲಿ 1993ರ ಜುಲೈ 11ರಂದು ಹೊಳೆಯಿಂದ ನೀರು ತುಂಬುತ್ತಿದ್ದ 48 ವರ್ಷದ ಹೆಂಗಸೊಬ್ಬರು ಗುಂಡಿಗೆ ಬಲಿಯಾದರು. ಮರುದಿನವೇ ಅದೇ ಬಡಾವಣೆಯಲ್ಲಿ ನೀರಿನ ಸಾಲಿನ ಮೇಲೆ ಶೆಲ್ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ಇವೆರಡೂ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪಿನಲ್ಲಿ ದಾಖಲಾದ ಘಟನೆಗಳು. ಮುತ್ತಿಗೆ ಹಾಕಿದ ಸೇನಾ ವಿಭಾಗದ ಮುಖ್ಯಸ್ಥನಾಗಿದ್ದ ಜನರಲ್ ಸ್ಟಾನಿಸ್ಲಾವ್ ಗಾಲಿಚ್‌ಗೆ 2006ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಅಂಥ ನೀರನ್ನು ಗಿಡಕ್ಕೆ ಹಾಕುವುದೆಂದರೆ ಏನರ್ಥ? ಮೊದಲು ಕುಡಿಯಲು, ಆಮೇಲೆ ಅಡುಗೆಗೆ, ತರಕಾರಿ ತೊಳೆದ ನೀರಿನಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರು ಕುಂಡಕ್ಕೆ. ಬರಗಾಲ ಕಂಡ ನಮ್ಮ ಕಡೆಯ ಹೆಂಗಸರಿಗೆ ಈ ಲೆಕ್ಕ ಹೊಸದಲ್ಲ. 1994ರಲ್ಲಿ ಫ್ರೆಡರಿಕ್ ಕ್ಯೂನಿ ಎಂಬ ಅಮೆರಿಕದ ಎಂಜಿನಿಯರ್ ನೀರು ಶುದ್ಧೀಕರಿಸುವ ಯಂತ್ರಗಳನ್ನು ವಿಮಾನದಲ್ಲಿ ತರಿಸಿ, ಶೆಲ್ ತಾಗದಂತೆ ಒಂದು ರಸ್ತೆ ಸುರಂಗದೊಳಗಿಟ್ಟು, ಮಿಲ್ಯಾಟ್ಸ್ಕಾದ ನೀರನ್ನು ಊರಿನ ಕೊಳವೆಗಳಿಗೆ ಹರಿಸಿದ. ಸ್ಥಳೀಯ ಅಧಿಕಾರಿಗಳು ಅನುಮತಿ ಕೊಡಲು ತಿಂಗಳುಗಟ್ಟಲೆ ಸತಾಯಿಸಿದ್ದರು. ಮುತ್ತಿಗೆಯಲ್ಲೂ ಕಡತಕ್ಕೆ ತನ್ನದೇ ನಡಿಗೆ.

ಸರಾಯೆವೊದವರು ಇದನ್ನೆಲ್ಲ ಜಗತ್ತಿಗೆ ಮೊದಲ ಬಾರಿ ಕಂಡುಹಿಡಿದರೆಂದು ಭಾವಿಸಬೇಕಾಗಿಲ್ಲ. ಐವತ್ತು ವರ್ಷ ಹಿಂದೆ ಇದೇ ಯೂರೋಪಿನಲ್ಲಿ ಇದೆಲ್ಲ ನಡೆದುಹೋಗಿತ್ತು. ಎರಡನೇ ಮಹಾಯುದ್ಧದ ಕೈತೋಟ ಎಂದೊಡನೆ ಎಲ್ಲರೂ ಬ್ರಿಟನ್ನಿನ 'ವಿಜಯಕ್ಕಾಗಿ ಅಗೆಯಿರಿ' ಚಳವಳಿಯನ್ನು ನೆನೆಯುತ್ತಾರೆ. ಗೆದ್ದವರ ಬಳಿ ಚೆಂದದ ಭಿತ್ತಿಚಿತ್ರಗಳಿದ್ದವು, ಅವು ಉಳಿದವು. ಅದೇ ಕಾಲದ ವಾರ್ಸಾದ ಘೆಟ್ಟೊ ತೋಟಗಳನ್ನು ನೆನೆಯುವವರು ಕಡಿಮೆ.

1940ರ ನವೆಂಬರ್‌ನಲ್ಲಿ ನಾಝಿಗಳು ಪೋಲೆಂಡಿನ ರಾಜಧಾನಿಯ ಒಂದು ಭಾಗಕ್ಕೆ ಗೋಡೆ ಕಟ್ಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಯರನ್ನು ಒಳಗೆ ತುಂಬಿದರು. ಮೂರೂವರೆ ಚದರ ಕಿಲೋಮೀಟರ್‌ನಷ್ಟು ಜಾಗ. ಅಧಿಕೃತ ಪಡಿತರ ತಲೆಗೆ ದಿನಕ್ಕೆ 200 ಕ್ಯಾಲರಿಗೂ ಕಡಿಮೆ, ಅಂದರೆ ಎರಡು ತೆಳ್ಳನೆಯ ಚಪಾತಿಯಷ್ಟು. ಅಲ್ಲಿ 'ತೊಪೊರೊಲ್' ಎಂಬ ಸಂಘವಿತ್ತು. ಯುದ್ಧಕ್ಕೆ ಮುಂಚೆ ಯಹೂದಿಯರಲ್ಲಿ ಬೇಸಾಯ ಬೆಳೆಸುವುದು ಅದರ ಉದ್ದೇಶವಾಗಿತ್ತು. ಘೆಟ್ಟೊದಲ್ಲಿ ಬೇಸಾಯ ಮಾಡಲು ಹೊಲವೆಲ್ಲಿ? ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ ಚೂರುಗಳನ್ನು ಹೊತ್ತು ಹಾಕಿ, ಅಂಗಳಗಳಲ್ಲಿ, ಬಾಲ್ಕನಿಗಳಲ್ಲಿ ತರಕಾರಿ ಹಾಕಿದರು. ಹುಡುಗ ಹುಡುಗಿಯರಿಗೆ ತೋಟಗಾರಿಕೆಯ ತರಗತಿ ನಡೆಸಿದರು. ಮೇರಿ ಬರ್ಗ್ ಎಂಬ ಹದಿಹರೆಯದ ಹುಡುಗಿ ಆಗ ಬರೆದಿಟ್ಟ ದಿನಚರಿ 1945ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ತೋಟಗಳ ಪ್ರಸ್ತಾಪವಿದೆ. 1942ರ ಜುಲೈ 22ರಂದು, ಬೇಸಗೆಯ ಫಸಲಿನ ಹೊತ್ತಿಗೆ ಸರಿಯಾಗಿ, ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ಸಾಗಿಸುವ ಕೆಲಸ ಶುರುವಾಯಿತು. ಎರಡು ತಿಂಗಳಲ್ಲಿ ಸುಮಾರು ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಹೋದರು. ಆ ವರ್ಷದ ಮೂಲಂಗಿ, ಕೋಸನ್ನು ಯಾರು ಕಿತ್ತರೋ.

ಲೆನಿನ್‌ಗ್ರಾಡ್‌ನ ಕತೆ ಇನ್ನೊಂದು ಬಗೆಯದು. 1941ರ ಸೆಪ್ಟೆಂಬರ್‌ನಿಂದ 1944ರ ಜನವರಿಯವರೆಗೆ 872 ದಿನಗಳ ಮುತ್ತಿಗೆ. ಮೊದಲ ಚಳಿಗಾಲದಲ್ಲಿ ಬಹುತೇಕ ಜನರ ಪಾಲಿಗೆ ದಿನಕ್ಕೆ 125 ಗ್ರಾಂ ಬ್ರೆಡ್ಡು. 1942ರ ವಸಂತದಲ್ಲಿ ಸರಕಾರವೇ ಮುಂದೆ ನಿಂತು ಉದ್ಯಾನ, ಚೌಕಗಳನ್ನೆಲ್ಲ ಅಗೆಸಿತು. ಸಂತ ಐಸಾಕ್ ಚರ್ಚಿನ ಮುಂದಿನ ಚೌಕದಲ್ಲಿ ಕೋಸು ಬೆಳೆದ ಛಾಯಾಚಿತ್ರಗಳಿವೆ. ಅದೇ ಚೌಕದಲ್ಲಿ ನಿಕೊಲಾಯ್ ವಾವಿಲೊವ್ ಕಟ್ಟಿದ ಸಸ್ಯಸಂಸ್ಥೆಯಿತ್ತು, ಅದರೊಳಗೆ ಜಗತ್ತಿನ ಮೂಲೆಮೂಲೆಯಿಂದ ತಂದ ಲಕ್ಷಾಂತರ ಬೀಜದ ಮಾದರಿಗಳು. ಅವನ್ನು ಕಾಯುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಹಸಿವಿನಿಂದಲೇ ಸತ್ತರು. ಭತ್ತದ ಸಂಗ್ರಹ ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೊವ್ ಅವರಲ್ಲೊಬ್ಬ. ಪಕ್ಕದಲ್ಲಿದ್ದ ಅಕ್ಕಿಯನ್ನು ಆತ ಮುಟ್ಟಲಿಲ್ಲ. ವಾವಿಲೊವ್ ಸ್ವತಃ 1943ರಲ್ಲಿ ಸ್ಟಾಲಿನ್‌ನ ಸೆರೆಮನೆಯಲ್ಲಿ ತೀರಿಕೊಂಡ.

ಈಗ ಸರಾಯೆವೊಗೆ ಮರಳಿ ಒಂದು ಲೆಕ್ಕ ಹಾಕೋಣ. ಇಂಥ ಕತೆಗಳನ್ನು ಓದಿದವರು ಬಲು ಬೇಗ ಭಾವುಕರಾಗಿ, 'ನೋಡಿ, ಒಂದು ಕುಂಡ ಇದ್ದರೆ ಸಾಕು, ಮನುಷ್ಯ ಬದುಕಿಬಿಡುತ್ತಾನೆ' ಎಂದುಬಿಡುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ನಾಲ್ಕಡಿ ಅಗಲ, ಹತ್ತಡಿ ಉದ್ದದ ಬಾಲ್ಕನಿ ಎಂದಿಟ್ಟುಕೊಳ್ಳಿ. ಬಿಸಿಲು ಬಿದ್ದು, ನೀರು ಸಿಕ್ಕಿ, ರೋಗ ತಾಗದೆ ಬೆಳೆದರೆ ಒಂದು ಬೇಸಗೆಗೆ 20 ಕಿಲೋ ಟೊಮೆಟೊ ಬಂತೆನ್ನೋಣ. 100 ಗ್ರಾಂ ಟೊಮೆಟೊದಲ್ಲಿ ಇರುವುದು ಸುಮಾರು 18 ಕ್ಯಾಲರಿ. ಇಪ್ಪತ್ತು ಕಿಲೋ ಸೇರಿದರೂ 3,600. ದುಡಿಯುವ ಒಬ್ಬ ಮನುಷ್ಯನಿಗೆ ಎರಡು ದಿನಕ್ಕೂ ಸಾಲದು. ಸರಾಯೆವೊದಲ್ಲಿ ಚಳಿಗಾಲವೆಂದರೆ ಹಿಮ. ಬಯಲಲ್ಲಾಗಲಿ ಬಾಲ್ಕನಿಯಲ್ಲಾಗಲಿ ಆ ತಿಂಗಳುಗಳಲ್ಲಿ ಏನೂ ಬೆಳೆಯದು. ಊರನ್ನು ಬದುಕಿಸಿದ್ದು ವಿಮಾನದಲ್ಲಿ ಬಂದ ಹಿಟ್ಟು, ಮತ್ತು 1993ರ ಜುಲೈ ಕೊನೆಯಲ್ಲಿ ತೆರೆದ, ವಿಮಾನ ನಿಲ್ದಾಣದ ಅಡಿಯಲ್ಲಿ ಹಾದುಹೋಗುವ ಸುಮಾರು 800 ಮೀಟರ್ ಉದ್ದದ ಸುರಂಗ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರದ ಆ ಸುರಂಗದಲ್ಲಿ ಆಲೂಗಡ್ಡೆಯೂ ಬಂತು, ಮದ್ದುಗುಂಡೂ ಬಂತು.

ಹಾಗಾದರೆ ಕುಂಡ ವ್ಯರ್ಥವೇ? ಲೆಕ್ಕದ ಇನ್ನೊಂದು ಮಗ್ಗುಲು ನೋಡಬೇಕು. ಪಾರ್ಸ್ಲಿ ನೋಡಲು ನಮ್ಮ ಕೊತ್ತಂಬರಿಯಂತೆಯೇ ಇರುವ ಸೊಪ್ಪು. ಅದರ 100 ಗ್ರಾಂನಲ್ಲಿ ಸುಮಾರು 130 ಮಿಲಿಗ್ರಾಂ 'ಸಿ' ಜೀವಸತ್ವವಿದೆ. ಒಬ್ಬ ವಯಸ್ಕನಿಗೆ ದಿನಕ್ಕೆ 40 ಮಿಲಿಗ್ರಾಂ ಸಾಕೆಂದರೂ 30 ಗ್ರಾಂ ಸೊಪ್ಪು, ಅಂದರೆ ಒಂದು ಸಣ್ಣ ಕಟ್ಟು ಸಾಲುತ್ತದೆ. ಹಿಟ್ಟು, ಹುರುಳಿ, ಡಬ್ಬಿ ಮಾಂಸ ಕೊಡಲಾರದ್ದನ್ನು ಒಂದು ಗೇಣು ಮಣ್ಣು ಕೊಟ್ಟಿತು. ನಗರ ಕೃಷಿಯ ಬಗ್ಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 1996ರಲ್ಲಿ ಹೊರತಂದ ಗ್ರಂಥದ ಅಂದಾಜಿನಂತೆ, ತರಕಾರಿ ಮತ್ತು ಕೋಳಿ ಮೊಲದಂಥ ಸಣ್ಣ ಪ್ರಾಣಿಗಳ ಮಟ್ಟಿಗೆ ಸರಾಯೆವೊದ ಸ್ವಾವಲಂಬನೆ ಎರಡು ವರ್ಷಗಳಲ್ಲಿ ಶೇ. 10ರಿಂದ ಶೇ. 40ಕ್ಕೂ ಮೇಲೇರಿತು. ಅಂದಾಜು ಅಂದಾಜೇ. ಆದರೂ ಇದು ಸಣ್ಣ ಸಂಖ್ಯೆಯಲ್ಲ. ಆದ್ದರಿಂದ ಕುಂಡ ಹೊಟ್ಟೆ ತುಂಬಿಸಿತು ಎನ್ನುವುದು ಸುಳ್ಳು, ಕುಂಡ ಕಾಯಿಲೆ ತಡೆಯಿತು ಎನ್ನುವುದು ನಿಜ. ಈ ವ್ಯತ್ಯಾಸ ಕೂದಲು ಸೀಳುವ ವಾದವಲ್ಲ. ಮೊದಲನೆಯದನ್ನು ನಂಬಿದರೆ ಮುತ್ತಿಗೆ ಹಾಕಿದವನ ಅಪರಾಧ ಹಗುರಾಗುತ್ತದೆ, ಹಿಟ್ಟು ಕಳಿಸಬೇಕಾದವರ ಹೊಣೆಯೂ ಹಗುರಾಗುತ್ತದೆ.

ಕತೆಗಾರನಾಗಿ ನನ್ನನ್ನು ಕಾಡುವುದು ಸಂಖ್ಯೆಗಿಂತ ಇನ್ನೊಂದು ಸಂಗತಿ. ಪಡಿತರ ಪಡೆಯುವವನು ಬರೀ ಕೈಯೊಡ್ಡುವವನು. ಕುಂಡದಲ್ಲಿ ಎರಡು ಎಸಳು ಈರುಳ್ಳಿ ಸೊಪ್ಪು ಕಿತ್ತವಳು ಕೊಡುವವಳೂ ಆಗಬಲ್ಲಳು. ಬೋಸ್ನಿಯಾದಲ್ಲಿ ನೆರೆಯವನಿಗೆ 'ಕೊಮ್ಷಿಯಾ' ಎನ್ನುತ್ತಾರೆ. ನೆರೆಹೊರೆಯ ಬಾಂಧವ್ಯಕ್ಕೇ ಅವರಲ್ಲಿ 'ಕೊಮ್ಷಿಲುಕ್' ಎಂಬ ಬೇರೆ ಪದವಿದೆ, ನಮ್ಮ ಉರ್ದುವಿನ ಹಮ್‌ಸಾಯಗೀ ಇದ್ದಂತೆ. ಬಾಗಿಲು ತಟ್ಟಿ ಒಂದು ಹಿಡಿ ಸೊಪ್ಪು ಕೊಟ್ಟು ಹೋಗುವ ಆ ಪದ್ಧತಿಗೆ ಕೊಡಲು ಏನಾದರೂ ಇರಬೇಕಷ್ಟೆ. ನಮ್ಮ ಮೊಹಲ್ಲಾಗಳಲ್ಲೂ ಅಂಗಳವಿಲ್ಲದ ಮನೆಯ ಹೊಸ್ತಿಲ ಪಕ್ಕ ತುಕ್ಕು ಹಿಡಿದ ಡಾಲ್ಡಾ ಡಬ್ಬಿಯಲ್ಲಿ ಪುದೀನಾ ಇರುತ್ತಿತ್ತು. ಬಿರಿಯಾನಿಯ ದಿನ ಬೀದಿಯ ಅರ್ಧ ಮನೆಗಳಿಗೆ ಅದೇ ಡಬ್ಬಿ. ಖಾಲಾ, ನಾಲ್ಕು ಎಲೆ ಕಿತ್ಕೊಳ್ಲಾ ಎಂದು ಕೇಳಿದ ಮಕ್ಕಳಿಗೆ ಇಲ್ಲವೆಂದವರನ್ನು ಕಾಣೆ.

ಈ ತೋಟಗಳನ್ನು ನೋಡಿಕೊಂಡವರು ಬಹುಮಟ್ಟಿಗೆ ಹೆಂಗಸರು ಮತ್ತು ಮುದುಕರು. ಗಂಡಸರು ಊರಂಚಿನ ಕಂದಕಗಳಲ್ಲಿದ್ದರು. ಯುದ್ಧದ ಇತಿಹಾಸ ಕಂದಕದ ಹೆಸರುಗಳನ್ನು ಬರೆದಿಡುತ್ತದೆ, ಕುಂಡಕ್ಕೆ ನೀರು ಹಾಕಿದವರ ಹೆಸರು ಬರೆಯುವುದಿಲ್ಲ. 1993ರಲ್ಲಿ 'ಫಾಮಾ' ಎಂಬ ಸರಾಯೆವೊದ ಬಳಗ ಮುತ್ತಿಗೆಯ ನಡುವೆಯೇ 'ಸರಾಯೆವೊದಲ್ಲಿ ಬದುಕುಳಿಯುವ ಕೈಪಿಡಿ' ಎಂಬ ಪುಸ್ತಕ ಮಾಡಿತು. ಪ್ರವಾಸಿಗರ ಮಾರ್ಗದರ್ಶಿಯನ್ನು ಅಣಕಿಸುವ ಧಾಟಿಯಲ್ಲಿ ನೀರು, ಒಲೆ, ಅಡುಗೆ, ಸೊಪ್ಪು ಎಲ್ಲವನ್ನೂ ಅದು ವಿವರಿಸುತ್ತದೆ. ಚರಿತ್ರಕಾರರಿಗೆ ಇಂದು ಅಂದಿನ ಅಡುಗೆಮನೆ ಕಾಣಿಸುತ್ತಿದ್ದರೆ ಅದಕ್ಕೆ ಇಂಥ ಪುಸ್ತಕಗಳೇ ಕಾರಣ. 2012ರ ಏಪ್ರಿಲ್ 6ರಂದು ಮುತ್ತಿಗೆಯ ಇಪ್ಪತ್ತನೇ ವರ್ಷದ ನೆನಪಿಗೆ ಊರಿನ ಮುಖ್ಯ ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಖಾಲಿ ಇಟ್ಟರು, ಸತ್ತವರೊಬ್ಬೊಬ್ಬರಿಗೆ ಒಂದೊಂದು.

ಸರಾಯೆವೊದಲ್ಲಿ ಶೆಲ್‌ಗಳ ನಡುವೆಯೂ ಬಹಳಷ್ಟು ಕಟ್ಟಡಗಳು ನಿಂತೇ ಇದ್ದವು, ಬಾಲ್ಕನಿ ಉಳಿಯಿತು. ಗಾಝಾದಲ್ಲಿ ಅಷ್ಟೂ ಉಳಿಯಲಿಲ್ಲ. 365 ಚದರ ಕಿಲೋಮೀಟರ್‌ನಲ್ಲಿ ಇಪ್ಪತ್ತು ಲಕ್ಷ ಜನ ಇರುವ ಆ ಪಟ್ಟಿಯನ್ನು 2007ರಿಂದ ದಿಗ್ಬಂಧನದಲ್ಲಿಡಲಾಯಿತು. ಬೇಲಿಯುದ್ದಕ್ಕೂ ಇದ್ದ ಕೃಷಿಭೂಮಿಗೆ ರೈತರು ಕಾಲಿಡುವುದೇ ಅಪಾಯವಾಯಿತು. 2010ರಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಹೆಂಗಸರೇ ಯಜಮಾನಿಕೆ ಹೊತ್ತ 119 ಬಡ ಮನೆಗಳ ತಾರಸಿಗಳಲ್ಲಿ ಮೀನು ಮತ್ತು ತರಕಾರಿಯನ್ನು ಒಟ್ಟಿಗೆ ಬೆಳೆಯುವ ತೊಟ್ಟಿಗಳನ್ನು ಇರಿಸಿಕೊಟ್ಟಿತು. ಮೀನಿನ ತೊಟ್ಟಿಯ ನೀರು ಜಲ್ಲಿ ತುಂಬಿದ ಇನ್ನೊಂದು ತೊಟ್ಟಿಗೆ ಹರಿಯುತ್ತದೆ. ಮೀನಿನ ಮಲಿನವನ್ನು ಸೂಕ್ಷ್ಮಜೀವಿಗಳು ಗೊಬ್ಬರವಾಗಿಸುತ್ತವೆ, ಗಿಡದ ಬೇರು ಅದನ್ನು ಹೀರುತ್ತದೆ, ತಿಳಿಯಾದ ನೀರು ಮರಳಿ ಮೀನಿಗೆ. ಮಣ್ಣು ಬೇಡ, ನೀರೂ ಕಡಿಮೆ ಸಾಕು. ಆದರೆ ಪಂಪು ತಿರುಗಲು ವಿದ್ಯುತ್ತು ಬೇಕು. ಗಾಝಾದ ಏಕೈಕ ವಿದ್ಯುತ್ ಸ್ಥಾವರದ ಮೇಲೆ 2006ರಲ್ಲೇ ಬಾಂಬು ಬಿದ್ದಿತ್ತು, ಆಮೇಲೆ ದಿನಕ್ಕೆ ಕೆಲವೇ ಗಂಟೆ ಕರೆಂಟು. ಜಾಣತನದ ತೋಟವೂ ಕೊನೆಗೆ ಬೇರೆಯವರ ಗುಂಡಿಯ ಮೇಲೇ ನಿಂತಿತ್ತು.

2023ರ ಅಕ್ಟೋಬರ್ ನಂತರದ ಯುದ್ಧದಲ್ಲಿ ಗಾಝಾದ ಕಟ್ಟಡಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಹಾನಿಗೊಂಡವು ಎಂದು ವಿಶ್ವಸಂಸ್ಥೆಯ ಉಪಗ್ರಹ ಚಿತ್ರಗಳ ವಿಶ್ಲೇಷಣೆ ಹೇಳುತ್ತದೆ. 2025ರ ಆಗಸ್ಟ್ ಹೊತ್ತಿಗೆ ಹಾನಿಯಾಗದೆ ಉಳಿದು, ಜನ ಹೋಗಿ ಬೇಸಾಯ ಮಾಡಬಹುದಾಗಿದ್ದ ಭೂಮಿ ಒಟ್ಟು ಕೃಷಿಭೂಮಿಯ ಶೇ. 1.5 ಮಾತ್ರ. ಅದೇ ತಿಂಗಳ 22ರಂದು ಗಾಝಾ ನಗರ ಪ್ರದೇಶದಲ್ಲಿ ಕ್ಷಾಮವಿದೆ ಎಂದು ವಿಶ್ವಸಂಸ್ಥೆಯ ಬೆಂಬಲವಿರುವ ತಜ್ಞರ ಸಮಿತಿ ಅಧಿಕೃತವಾಗಿ ಘೋಷಿಸಿತು. ಹೊಲವೂ ಇಲ್ಲ, ತಾರಸಿಯೂ ಇಲ್ಲ. ಉಳಿದದ್ದು ಡೇರೆಯ ಹಗ್ಗ ಕಟ್ಟಿದ ಗೂಟದ ಸುತ್ತಲಿನ ಎರಡು ಮಾರು ಮರಳು. 2024ರಿಂದ ಬಂದ ವರದಿಗಳಲ್ಲಿ, ಚಿತ್ರಗಳಲ್ಲಿ, ಮನೆ ಕಳೆದುಕೊಂಡು ಅಲೆದಾಡಿದ ಕುಟುಂಬಗಳು ಅದೇ ಮರಳಿನಲ್ಲಿ, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಪುದೀನಾ, ಟೊಮೆಟೊ, ಮುಲೂಖಿಯಾ ಸೊಪ್ಪು ಬೆಳೆಯುವುದು ಕಾಣಿಸುತ್ತದೆ. ನೀರಿಗೆ ಅಲ್ಲೂ ಕ್ಯಾನು ಹಿಡಿದು ಸಾಲು ನಿಲ್ಲಬೇಕು. ಬೇರೆಡೆಗೆ ಹೊರಡಿ ಎಂಬ ಆದೇಶ ಬಂದರೆ ಮರಳಿನ ಮಡಿಯನ್ನು ಬಿಟ್ಟು ಹೋಗಬೇಕು. ಡಬ್ಬಿಯನ್ನಾದರೆ ಕೈಯಲ್ಲಿ ಹಿಡಿದುಕೊಳ್ಳಬಹುದು.